ಪಂಕ್ತಿ ಮುಗಿಯದೆ ಏಳುವಂತಿಲ್ಲ

ಇದು ನಡೆದ ಊರಿನ ಹೆಸರು ಹೇಳಿದರೆ ನಾಳೆ ಬೆಳಿಗ್ಗೆ ನಮ್ಮ ಮನೆಯ ನಲ್ಲಿಯಲ್ಲಿ ನೀರು ಬರುವುದಿಲ್ಲ. ಆದ್ದರಿಂದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕರಲ್ಲಿ ಯಾವುದೋ ಒಂದು ಎಂದಿಟ್ಟುಕೊಳ್ಳಿ. ನೀವು ರಾಮನಗರದವರಾದರೆ ಚನ್ನಪಟ್ಟಣದಲ್ಲಿ ನಡೆಯಿತು ಎಂದುಕೊಂಡು ನಗಿ, ಚನ್ನಪಟ್ಟಣದವರಾದರೆ ಕನಕಪುರವನ್ನು ನೆನೆದು ನಗಿ. ನಗರಸಭೆ ಎಂದು ಬರೆದರೆ ಮಾಗಡಿಯವರು ತಪ್ಪಿಸಿಕೊಳ್ಳುತ್ತಾರೆ, ಪುರಸಭೆ ಎಂದರೆ ಉಳಿದ ಮೂವರು ತಪ್ಪಿಸಿಕೊಳ್ಳುತ್ತಾರೆ. ಯಾರೂ ತಪ್ಪಿಸಿಕೊಳ್ಳಬಾರದೆಂದು ಬರೀ ‘ಸಭೆ’ ಎನ್ನುತ್ತೇನೆ.

ನನ್ನ ಹೆಸರು ನಟರಾಜು. ಶಾಮಿಯಾನ, ಚೇರು, ಪಾತ್ರೆ ಬಾಡಿಗೆಗೆ ಕೊಡುವುದು ನನ್ನ ಕೆಲಸ. ಈ ನಾಲ್ಕು ತಾಲ್ಲೂಕುಗಳಲ್ಲಿ ನನ್ನ ಶಾಮಿಯಾನದ ನೆರಳಿಲ್ಲದೆ ಯಾರೂ ಮದುವೆಯಾಗಿಲ್ಲ, ಸತ್ತವರೂ ನಾನು ಬಿದಿರಿನ ಗಳು ನೆಟ್ಟ ಮೇಲೆಯೇ ಸತ್ತದ್ದು. ಒಮ್ಮೆ ಹಾರೋಹಳ್ಳಿಯಲ್ಲಿ ಹಾಕಿದ ಶಾಮಿಯಾನ ಎಷ್ಟು ದೊಡ್ಡದಿತ್ತೆಂದರೆ, ಒಂದು ತುದಿಯಲ್ಲಿ ಮಳೆ ಹುಯ್ಯುತ್ತಿದ್ದರೆ ಇನ್ನೊಂದು ತುದಿಯಲ್ಲಿ ಹೆಂಗಸರು ಸಂಡಿಗೆ ಒಣಹಾಕಿದ್ದರು. ನಂಬದಿದ್ದರೆ ಬಿಡಿ. ಮುಂದೆ ಹೇಳುವುದಕ್ಕೆ ಹೋಲಿಸಿದರೆ ಇದು ಕೋರ್ಟಿನಲ್ಲಿ ಹೇಳುವಂಥ ಸತ್ಯ.

ನನ್ನ ಸೋದರತ್ತೆ ವೆಂಕಟಲಕ್ಷ್ಮಮ್ಮ ಬಸ್ ಸ್ಟ್ಯಾಂಡಿನ ಹಿಂದೆ ಮುದ್ದೆ ಮೆಸ್ ನಡೆಸುತ್ತಾಳೆ. ಅವಳ ಮುದ್ದೆಯಲ್ಲಿ ಗಂಟು ಹುಡುಕಲು ಹೋದವರು ಕನ್ನಡಕದ ನಂಬರು ಬದಲಾಯಿಸಿಕೊಂಡು ಬಂದಿದ್ದಾರೆಯೇ ಹೊರತು ಗಂಟು ಸಿಕ್ಕಿಲ್ಲ. ಊರಿಗೆಲ್ಲ ಬಡಿಸಿ, ಎಲ್ಲರೂ ಕೈ ತೊಳೆದು ಹೋದ ಮೇಲೆ, ಒಲೆಯ ಪಕ್ಕ ನಿಂತುಕೊಂಡೇ ಅವಳು ಉಣ್ಣುವುದು. ಎಷ್ಟು ಉಣ್ಣುತ್ತಾಳೆಂದು ಕಂಡವರಿಲ್ಲ. ಕಂಡವನು ನಾನೊಬ್ಬ. ಒಂದು ದಿನ ಕೈಲಾಂಚದ ಕಡೆಯಿಂದ ಬರಬೇಕಿದ್ದ ಬೀಗರೂಟದ ಗುಂಪು ದಾರಿಯಲ್ಲೇ ಜಗಳವಾಡಿಕೊಂಡು ವಾಪಸು ಹೋಯಿತು. ಮಾಡಿದ್ದು ಹಾಳಾಗಬಾರದು ಎಂದು ಅತ್ತೆ ನಿಂತಲ್ಲೇ ಹೆಣ್ಣಿನ ಕಡೆಯವರದ್ದನ್ನೆಲ್ಲ ಉಂಡಳು. ಒಂದು ಲೋಟ ಮಜ್ಜಿಗೆ ಕುಡಿದು, ಗಂಡಿನ ಕಡೆಯವರದ್ದನ್ನೂ ಉಂಡಳು.

ಇದು ಗೊತ್ತಿಲ್ಲದೆ ಅವಳ ಕೈಗೆ ಸಿಕ್ಕಿಕೊಂಡವನು ಕುದೂರಿನ ಕರಿಯಪ್ಪ.

ಕರಿಯಪ್ಪನಿಗೆ ಈ ಸೀಮೆಯಲ್ಲಿ ‘ಮುದ್ದೆ ಕರಿಯಪ್ಪ’ ಎಂದೇ ಹೆಸರು. ಎಲ್ಲಿ ತಿಥಿ, ಎಲ್ಲಿ ಬೀಗರೂಟ, ಅಲ್ಲಿ ಅವನು. ಅವನು ಬಸ್ ಹತ್ತಿದ ಸುದ್ದಿ ತಿಳಿದರೆ ಅಡುಗೆಯವರು ಇನ್ನೊಂದು ಹಂಡೆ ಎಸರಿಡುತ್ತಿದ್ದರು. ಅವನು ಒಂದು ಸಲ ಆಕಳಿಸಿದಾಗ ಬಾಯೊಳಗೆ ಗುಬ್ಬಿ ಗೂಡು ಕಟ್ಟಲು ಜಾಗ ನೋಡಿಕೊಂಡು ಹೋಗಿತ್ತಂತೆ. ಅವನು ಒಂದು ಮಧ್ಯಾಹ್ನ ನಮ್ಮ ಅತ್ತೆಯ ಮೆಸ್ಸಿನಲ್ಲಿ ಹೊಟ್ಟೆ ತುಂಬ ಉಂಡು, ಹಲ್ಲಿಗೆ ಕಡ್ಡಿ ಹಾಕುತ್ತ, ಜನರೆಲ್ಲ ಕೇಳುವಂತೆ ಹೇಳಿದ:

“ಬಡ್ಸಾದ್ರಲ್ಲಿ ನಿನ್ ಬುಟ್ರೆ ಇಲ್ಲ ಕಣವ್ವ. ದೇವ್ರು ಸರ್ಯಾಗೇ ಮಡಗವ್ನೆ. ಹೆಂಗಸ್ರು ಬಡ್ಸಕ್ಕೆ, ಗಂಡಸ್ರು ಉಣ್ಣಕ್ಕೆ.”

ಅತ್ತೆ ಕೈಯಲ್ಲಿದ್ದ ಮುದ್ದೆ ಕೋಲನ್ನು ಹಂಡೆಗೆ ಆನಿಸಿ ಇಟ್ಟಳು. ಅವಳು ಕೋಲು ಕೆಳಗಿಟ್ಟರೆ ಊರಿನಲ್ಲಿ ಯಾರಿಗೋ ಕೇಡು.

“ಎದುರುಗೆ ಕೂತ್ಕತೀಯೇನಪ್ಪ? ಒಂದೇ ಪಂಕ್ತಿ. ಮೊದ್ಲು ಎದ್ದೋರು ಸೋತಂಗೆ. ನೀನೆದ್ರೆ ಬಕೀಟು ಹಿಡ್ದು ನಂಗೆ ಬಡಿಸ್ಬೇಕು.”

“ನೀನೆದ್ರೆ?”

“ಈ ಒಲೆ ಆರಿಸ್ಬುಡ್ತೀನಿ. ಮತ್ತೆ ಹಚ್ಚಕಿಲ್ಲ.”

ಮೆಸ್ಸಿನಲ್ಲಿ ಉಣ್ಣುತ್ತಿದ್ದವರ ತುತ್ತು ಅರ್ಧದಲ್ಲೇ ನಿಂತಿತು. ಒಲೆ ಆರಿದರೆ ಬಸ್ ಸ್ಟ್ಯಾಂಡಿನ ಡ್ರೈವರು ಕಂಡಕ್ಟರುಗಳೆಲ್ಲ ಉಪವಾಸ. ಅವರು ಉಪವಾಸವಾದರೆ ಬಸ್ಸುಗಳು ಉಪವಾಸ. ಕರಿಯಪ್ಪ ಅತ್ತೆಯ ಕಣ್ಣು ನೋಡಿ ಒಳಗೊಳಗೇ ಹೆದರಿದನೆಂದು ನನಗೆ ಅನ್ನಿಸಿತು. ಆದರೆ ಅವನ ತಲೆ ಹೊಟ್ಟೆಗಿಂತ ಚುರುಕು.

“ಮೆಸ್ನಾಗೆ ಉಂಡದ್ದು ಲೆಕ್ಕಕ್ಕಿಲ್ಲ,” ಎಂದ. “ಮೈದಾನದಾಗೆ ಮಡಗು. ಸಭೆಯೋರ ಪರ್ಮಿಷನ್ ಇರಬೇಕು, ಸಭೆಯೋರೇ ಸಾಕ್ಷಿ ಇರಬೇಕು. ಆವತ್ತು ಬತ್ತೀನಿ.”

ಆಗಲಿ ಎಂದಳು ಅತ್ತೆ. ಅವನು ನಿಶ್ಚಿಂತೆಯಿಂದ ಕುದೂರಿನ ಬಸ್ ಹತ್ತಿದ. ಸಭೆಯ ಪರ್ಮಿಷನ್ ಸಿಗುವ ಹೊತ್ತಿಗೆ ತನ್ನ ಮೊಮ್ಮಕ್ಕಳು ಮುದ್ದೆ ಉಣ್ಣುವುದನ್ನು ಬಿಟ್ಟಿರುತ್ತಾರೆಂದು ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿಲ್ಲದ್ದು ಏನೆಂದರೆ, ಪರ್ಮಿಷನ್ ತರಲು ಹೊರಟವನು ನಾನು.

ಸಭೆಯಲ್ಲಿ ಮೊದಲು ಎದ್ದ ಪ್ರಶ್ನೆ, ಇದು ಕ್ರೀಡೆಯೋ ಸಾಂಸ್ಕೃತಿಕ ಕಾರ್ಯಕ್ರಮವೋ ಎಂಬುದು. ಕ್ರೀಡೆಯಾದರೆ ಸ್ಪರ್ಧಿಗಳಿಗೆ ಬೂಟು, ಚಡ್ಡಿ ಕಡ್ಡಾಯ. ಅತ್ತೆಗೆ ಚಡ್ಡಿಯ ವಿಷಯ ಹೇಳಲು ನನಗೆ ಧೈರ್ಯ ಬರಲಿಲ್ಲ. ಸಾಂಸ್ಕೃತಿಕವಾದರೆ ಮೊದಲು ಸ್ವಾಗತ ಗೀತೆ, ಕೊನೆಗೆ ವಂದನಾರ್ಪಣೆ. ಸಾಂಸ್ಕೃತಿಕವೇ ಆಗಲಿ ಎಂದೆ. ಪೊಲೀಸರು ಈ ಕಾರ್ಯಕ್ರಮದಿಂದ ಯಾರಿಗೂ ಅಪಾಯವಿಲ್ಲ ಎಂದು ಬರೆದುಕೊಡಿ ಎಂದರು, ಬರೆದುಕೊಟ್ಟೆ. ಆಂಬುಲೆನ್ಸಿನವರು ಅಪಾಯವಿದ್ದರೆ ಮಾತ್ರ ಗಾಡಿ ಕಳಿಸುತ್ತೇವೆ, ಅಪಾಯವಿದೆ ಎಂದು ಬರೆದುಕೊಡಿ ಎಂದರು. ಅದನ್ನೂ ಬರೆದುಕೊಟ್ಟೆ. ಎರಡಕ್ಕೂ ಒಂದೇ ದಿನ ಸೀಲು ಬಿತ್ತು. ಆ ಎರಡು ಕಾಗದಗಳನ್ನು ಒಂದೇ ಫೈಲಿನಲ್ಲಿ ಹಾಕಿದಾಗ ಫೈಲು ರಾತ್ರಿಯೆಲ್ಲ ಒಳಗೊಳಗೇ ಕಿತ್ತಾಡಿ, ಬೆಳಿಗ್ಗೆ ದಾರ ಹರಿದುಕೊಂಡು ಬಿದ್ದಿತ್ತು.

ಆಮೇಲೆ, ಒಂದು ಮುದ್ದೆ ಎಂದರೆ ಎಷ್ಟು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಕೈಲಾಂಚದ ಮುದ್ದೆ ತೆಂಗಿನಕಾಯಿ ಗಾತ್ರ, ಪೇಟೆಯ ಮುದ್ದೆ ನಿಂಬೆಹಣ್ಣಿನ ಅಣ್ಣ. ವಾದ ಬೆಳೆದು ಕೊನೆಗೆ ಒಂದು ಮಾದರಿ ಮುದ್ದೆಯನ್ನು ಕಚೇರಿಯಲ್ಲಿ ಠೇವಣಿ ಇಡಬೇಕೆಂದು ಠರಾವಾಯಿತು. ಅತ್ತೆ ಮಾಡಿಕೊಟ್ಟದ್ದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಅದು ಒಣಗಿತು, ಕಲ್ಲಾಯಿತು, ಮೊದಲಿಗಿಂತ ಚಿಕ್ಕದಾಯಿತು. ಮಾದರಿ ದಿನದಿನಕ್ಕೂ ಕುಗ್ಗುತ್ತಿದ್ದರೆ ಸ್ಪರ್ಧೆಯ ಮುದ್ದೆಯೂ ಕುಗ್ಗಬೇಕಲ್ಲ ಎಂದು ಒಬ್ಬ ಸದಸ್ಯರು ತಕರಾರು ತೆಗೆದರು. ಆ ತಕರಾರನ್ನು ನೋಟಿಸ್ ಬೋರ್ಡಿಗೆ ಹಚ್ಚಲು ಸುತ್ತಿಗೆ ಸಿಗಲಿಲ್ಲ. ಮೊಳೆಯನ್ನು ಮಾದರಿ ಮುದ್ದೆಯಿಂದಲೇ ಹೊಡೆದರು. ಮೊಳೆ ಗೋಡೆ ದಾಟಿ ಪಕ್ಕದ ಕೋಣೆಯ ಕ್ಯಾಲೆಂಡರನ್ನೂ ಹಿಡಿದುಕೊಂಡಿತು.

ಇದೆಲ್ಲ ದಾಟಿದ ಮೇಲೆ ಸಿಕ್ಕವರು ಆರೋಗ್ಯ ನಿರೀಕ್ಷಕಿ ಭಾನುಪ್ರಿಯ. ಅವರು ಬಾಗಲಕೋಟೆ ಕಡೆಯವರು, ರೊಟ್ಟಿ ತಿಂದು ಬೆಳೆದವರು, ಬಲು ಪ್ರಾಮಾಣಿಕರು. ಅವರು ಹಾಕಿದ ಷರತ್ತು ಒಂದೇ: ಸ್ಪರ್ಧಿಗಳು ಪ್ರತಿ ತುತ್ತನ್ನೂ ಚೆನ್ನಾಗಿ ಅಗಿದು ನುಂಗತಕ್ಕದ್ದು.

ಊರು ದಿಗಿಲುಬಿತ್ತು. ನಮ್ಮ ಸೀಮೆಯಲ್ಲಿ ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುತ್ತಾರೆ. ಹಲ್ಲಿಗೂ ಮುದ್ದೆಗೂ ಸಂಬಂಧವಿಲ್ಲ. ಅಗಿಯುವುದೆಂದರೆ ಮುದ್ದೆಯಲ್ಲಿ ಗಂಟಿದೆ ಎಂದು ಮಾಡಿದವಳ ಮುಖಕ್ಕೆ ಹೇಳಿದಂತೆ. ಮುದ್ದೆ ಅಗಿದ ಅಳಿಯನನ್ನು ಎಲೆಯ ಮುಂದಿನಿಂದಲೇ ವಾಪಸು ಕಳಿಸಿದ ಮನೆಗಳಿವೆ. ಅಗಿದ ದಿನ ಉಣ್ಣುವವನ ಕತೆ ಮುಗಿಯಿತೆಂದು ಹಿರಿಯರ ಮಾತು.

ಅತ್ತೆ ವಾದ ಮಾಡಲಿಲ್ಲ. ನಿರೀಕ್ಷಕಿಯನ್ನು ಮೆಸ್ಸಿಗೆ ಕರೆದು, ಕೂರಿಸಿ, ಬಿಸಿ ಮುದ್ದೆ ಇಟ್ಟು, “ನೀನೇ ಅಗ್ದು ನೋಡವ್ವ,” ಎಂದಳು. ಭಾನುಪ್ರಿಯ ಪ್ರಾಮಾಣಿಕವಾಗಿ ಅಗಿದರು. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಕಳೆದ ಜನ್ಮದ ನೆಂಟರ ಹಾಗೆ ಅಪ್ಪಿಕೊಂಡವು. ಅದೇ ಮಧ್ಯಾಹ್ನ ಸಭೆ ಸೇರಿದಾಗ, ಆರೋಗ್ಯ ಶಾಖೆಯಿಂದ ಆಕ್ಷೇಪಣೆ ಇದೆಯೇ ಎಂದು ಕೇಳಿದರು. ಭಾನುಪ್ರಿಯ ಎದ್ದು ನಿಂತರು, ಕೈ ಆಡಿಸಿದರು, ಕಣ್ಣಿನಲ್ಲಿ ನೀರು ತಂದುಕೊಂಡರು. ಬಾಯಿ ಬಿಡಲಾಗಲಿಲ್ಲ. ಆಕ್ಷೇಪಣೆ ಇಲ್ಲ ಎಂದು ಬರೆದುಕೊಳ್ಳಲಾಯಿತು. ಅವರ ದವಡೆ ಬಿಟ್ಟುಕೊಂಡದ್ದು ಮುಂದಿನ ಸಂಬಳದ ಹೊತ್ತಿಗೆ.

ಉಳಿದದ್ದು ಸ್ಥಳ ಪರಿಶೀಲನೆ ಮಾತ್ರ. ಮೈದಾನ ನೋಡಿ ಬಂದು ಸಾಹೇಬರು ಸಹಿ ಹಾಕಿದರೆ ಮುಗಿಯಿತು. ಸಾಹೇಬರೆಂದರೆ ಸಭೆಯ ಮುಖ್ಯ ಅಧಿಕಾರಿ ಚೈತನ್ಯ, ಚಿಕ್ಕ ವಯಸ್ಸಿನವರು. ಫೈಲನ್ನು ಕಂಡರೆ ಬೆವರು ಒರೆಸಿಕೊಳ್ಳುತ್ತಿದ್ದರು. ಸಹಿ ಹಾಕಿದರೆ ಏನಾಗುತ್ತದೋ ಎಂದು ಹೆದರಿ, ತಮ್ಮ ಮದುವೆಯ ನೋಂದಣಿಯನ್ನೇ ಮುಂದಿನ ಸಭೆಗೆ ಮುಂದೂಡಿದ್ದರೆಂದು ಜನ ಹೇಳುತ್ತಿದ್ದರು.

ನಮ್ಮ ಕಡೆ ಊಟವಿಲ್ಲದ ಸ್ಥಳ ಪರಿಶೀಲನೆ ಇಲ್ಲ. ಚರಂಡಿ ನೋಡಲು ಬಂದರೂ ಊಟ, ಸ್ಮಶಾನದ ಬೇಲಿ ನೋಡಲು ಬಂದರೂ ಊಟ. ನಾನು ಮೈದಾನದ ನಡುವೆ ಶಾಮಿಯಾನ ಹಾಕಿ ಜಮಖಾನ ಹಾಸಿದೆ. ನಾಟಿ ಕೋಳಿ ತಂದವನು ನನ್ನ ಗೆಳೆಯ ನಿಯಾಜ್. ಅವನ ಕೋಳಿಗಳು ಎಷ್ಟು ನಾಟಿಯೆಂದರೆ ಸಾರಿನಲ್ಲಿ ಕುದಿಯುವಾಗಲೂ ಒಂದನ್ನೊಂದು ಕುಕ್ಕುತ್ತಿದ್ದವು. ಅತ್ತೆ ಒಲೆ ಹೂಡಿದಳು.

ಅಧ್ಯಕ್ಷರಾದ ದೊಡ್ಡಮುನಿಯಪ್ಪನವರು ಬಂದರು. ರಿಟೈರಾದ ಮೇಷ್ಟ್ರು, ಪಂಕ್ತಿಯ ಶಿಸ್ತಿಗೆ ಹೆಸರಾದವರು. ಪಂಕ್ತಿಯಲ್ಲಿ ಕೊನೆಯವರು ಉಂಡು ಮುಗಿಸುವವರೆಗೆ ಯಾರೂ ಏಳಬಾರದು, ಎದ್ದರೆ ಉಣ್ಣುತ್ತಿರುವವರ ಅನ್ನಕ್ಕೆ ಅವಮಾನ ಎನ್ನುವುದು ಅವರ ಮಾತು. ಮುಹೂರ್ತ ಮೀರುತ್ತಿದೆ ಎಂದು ಒದ್ದಾಡುತ್ತಿದ್ದ ಮದುಮಗನನ್ನೇ ಎಲೆಯ ಮುಂದೆ ಕೂರಿಸಿದ್ದವರು ಅವರು. ಚೈತನ್ಯ ಬಂದರು, ಭಾನುಪ್ರಿಯ ಬಂದರು, ಸದಸ್ಯರೆಲ್ಲ ಬಂದರು. ಕುದೂರಿನ ಬಸ್ಸಿಳಿದು ಕರಿಯಪ್ಪನೂ ಬಂದ. ಸ್ಪರ್ಧೆಗಲ್ಲ, ಸ್ಪರ್ಧೆ ಬೇಡವೆಂದು ಸಾರ್ವಜನಿಕರ ಪರವಾಗಿ ಆಕ್ಷೇಪಣೆ ಸಲ್ಲಿಸಲು. ಆದರೆ ಕೋಳಿ ಸಾರಿನ ವಾಸನೆ ಅವನನ್ನು ಅರ್ಧ ದಾರಿಯಲ್ಲೇ ಎದುರುಗೊಂಡಿತ್ತು. ಆಕ್ಷೇಪಣೆ ಇದ್ದವರೂ ಮೊದಲು ಉಣ್ಣಲಿ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದರು. ಕರಿಯಪ್ಪ ಕಾಗದವನ್ನು ಮಡಿಸಿ ಜೇಬಿಗಿಟ್ಟು, ಮೊದಲ ಎಲೆಗೇ ಕೂತ.

ಎಲೆಗೆಲ್ಲ ಮುದ್ದೆ ಬಿತ್ತು. ಅತ್ತೆ ಸಾರಿನ ಬಕೀಟು ಹಿಡಿದು ಪಂಕ್ತಿಯ ಕೊನೆಯವರೆಗೆ ಬಡಿಸಿಕೊಂಡು ಬಂದಳು. ಬಂದವಳು ಬಕೀಟನ್ನು ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕರಿಯಪ್ಪನ ಎದುರಿಗೆ ಒಂದು ಎಲೆ ಹಾಸಿಕೊಂಡು ಕೂತಳು.

ಅವಳು ಕೂತು ಉಣ್ಣುವುದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹಾರನ್ನು ಹೊಡೆಯುತ್ತಿದ್ದ ಹಾರೋಹಳ್ಳಿ ಬಸ್ಸೂ ಬಾಯಿ ಮುಚ್ಚಿತು.

“ಏನಿದು?” ಎಂದ ಕರಿಯಪ್ಪ.

“ಏನಿಲ್ಲ. ಹಸಿವಾಗೈತೆ, ಉಣ್ತೀನಿ. ನೀನೂ ಉಣ್ಣು.”

ಉಂಡರು. ಉಳಿದವರೆಲ್ಲ ತಮ್ಮ ಪಾಲಿನದನ್ನು ಉಂಡು, ಬೆರಳು ನೆಕ್ಕಿ, ಇವರಿಬ್ಬರನ್ನು ನೋಡುತ್ತ ಕೂತರು. ನಾನು ಮುದ್ದೆ ಹಾಕಿದೆ, ಇಬ್ಬರೂ ನುಂಗಿದರು. ಮತ್ತೆ ಹಾಕಿದೆ, ಮತ್ತೆ ನುಂಗಿದರು. ಎಣಿಸಿದಿರಾ ಎಂದು ಆಮೇಲೆ ಬಹಳ ಜನ ಕೇಳಿದರು. ನಕ್ಷತ್ರ ಎಣಿಸುತ್ತೀರಾ ನೀವು?

ಚೈತನ್ಯ ಮೆಲ್ಲಗೆ ಒಂದು ಮೊಣಕಾಲು ಎತ್ತಿದರು. ಅಧ್ಯಕ್ಷರು ಅವರ ಕಡೆ ನೋಡಿದರು, ಅಷ್ಟೆ. ಮೊಣಕಾಲು ತಾನಾಗಿ ಕೆಳಗಿಳಿಯಿತು.

ಹಿಟ್ಟು ಮುಗಿಯಿತು. ಪೇಟೆಯ ಅಂಗಡಿಗಳ ಹಿಟ್ಟೂ ಮುಗಿದು ಕೈಲಾಂಚಕ್ಕೆ ಬೈಕುಗಳು ಓಡಿದವು. ಗಿರಣಿಯ ಬೆಲ್ಟು ಕಾದು ಅದರ ಹೊಗೆಯನ್ನು ಜನ ಮೋಡವೆಂದು ತಿಳಿದು ಒಣಹಾಕಿದ ಬಟ್ಟೆ ತೆಗೆದರು. ನಿಯಾಜನ ಕೋಳಿ ಮುಗಿದವು. ಮರುದಿನ ಬೆಳಿಗ್ಗೆ ಕೂಗಲು ಸೀಮೆಯಲ್ಲಿ ಒಂದು ಹುಂಜವೂ ಉಳಿದಿರಲಿಲ್ಲ, ಸೂರ್ಯ ತಾನೇ ಅಂದಾಜಿನ ಮೇಲೆ ಹುಟ್ಟಬೇಕಾಯಿತು. ಬಿಸಿಲು ವಾಲಿದಂತೆಲ್ಲ ನೆರಳು ಸರಿಯುತ್ತಿತ್ತು. ಕೂತವರು ಏಳುವಂತಿಲ್ಲವಲ್ಲ, ನಾನು ಗಳು ಕಿತ್ತು ನೆಟ್ಟು, ಕಿತ್ತು ನೆಟ್ಟು, ಶಾಮಿಯಾನವನ್ನೇ ಸೂರ್ಯನ ಹಿಂದೆ ನಡೆಸಿದೆ. ಸಂಜೆಯ ಹೊತ್ತಿಗೆ ಅದರ ಒಂದು ಮೂಲೆ ಪಕ್ಕದ ಹೋಬಳಿಯಲ್ಲಿತ್ತು.

ಚೈತನ್ಯರ ಫೋನು ಹೊಡೆದುಕೊಂಡಿತು. ಮೇಲಧಿಕಾರಿಗಳು. ಎಡಗೈಯಲ್ಲಿ ಫೋನು ಹಿಡಿದು, “ಫೀಲ್ಡ್‌ನಲ್ಲಿದ್ದೀನಿ ಸರ್. ಹೌದು ಸರ್, ಇನ್ನೂ ಮುಗಿದಿಲ್ಲ,” ಎಂದರು. ಅವರ ಎರಡು ಕಾಲುಗಳೂ ಜೋಮು ಹಿಡಿದು, ಯಾವುದು ತಮ್ಮದು ಯಾವುದು ಪಕ್ಕದ ಸದಸ್ಯರದ್ದು ಎಂಬ ಗುರುತು ಹೋಗಿತ್ತು.

ಅಷ್ಟರಲ್ಲಿ ಕರಿಯಪ್ಪನ ವೇಗ ತಗ್ಗಿದ್ದನ್ನು ನಾನು ಕಂಡೆ. ತುತ್ತು ಹೊರಳಿಸುವುದು ಜಾಸ್ತಿ, ನುಂಗುವುದು ಕಡಿಮೆ. ಅತ್ತೆಯದು ಹೊಳೆ ಹರಿದ ಹಾಗೆ ಒಂದೇ ಸಮ. ಅವನು ಬೆವರು ಒರೆಸಿಕೊಂಡು, ನಕ್ಕು, ಕೈಯಲ್ಲಿದ್ದ ಕೊನೆಯ ಅಸ್ತ್ರ ಬಿಟ್ಟ.

“ಎಷ್ಟ್ ಉಂಡ್ರೇನು ಬುಡವ್ವ. ಪರ್ಮಿಷನ್ ಇಲ್ವಲ್ಲ. ಸಾಹೇಬ್ರು ಸಹಿ ಹಾಕಿಲ್ಲ. ಇದು ಬರೀ ಊಟ. ಈಗ ನಾನೆದ್ರೂ ಸೋತಂಗಲ್ಲ.”

ಅತ್ತೆಯ ಕೈ ಮೊದಲ ಸಲ ಎಲೆಯ ಮೇಲೆ ನಿಂತಿತು. ಮಾತು ನಿಜವೇ. ಅವನು ಹೇಳಿದ ಷರತ್ತು ಅದೇ, ಅವಳು ಒಪ್ಪಿದ್ದೂ ಅದೇ. ಅವನು ಈಗ ಏಳಬಹುದು. ಎದ್ದು ಕುದೂರಿಗೆ ಹೋಗಿ, ಹೆಂಗಸರು ಬಡಿಸಲಿಕ್ಕೆ ಎಂದು ಸಾಯುವವರೆಗೂ ಹೇಳಿಕೊಂಡು ತಿರುಗಬಹುದು. ಅವಳು ನನ್ನ ಮುಖ ನೋಡಿದಳು. ನಾಲ್ಕು ತಾಲ್ಲೂಕಿಗೆ ನೆರಳು ಕೊಟ್ಟ ನನಗೆ ಆ ಹೊತ್ತಿನಲ್ಲಿ ಏನೂ ತೋಚಲಿಲ್ಲ. ಇದೊಂದನ್ನು ಉತ್ಪ್ರೇಕ್ಷೆ ಇಲ್ಲದೆ ಹೇಳುತ್ತಿದ್ದೇನೆ.

ತೋಚಿದ್ದು ಚೈತನ್ಯರಿಗೆ. ಧೈರ್ಯದಿಂದಲ್ಲ, ಜೋಮಿನಿಂದ. ಸಹಿ ಬಿದ್ದರೆ ಇಬ್ಬರಲ್ಲೊಬ್ಬರು ಸೋತು ಪಂಕ್ತಿ ಮುಗಿದೀತೆಂದು.

“ಫೈಲ್ ಕೊಡಿ ಇಲ್ಲಿ,” ಎಂದರು.

ಫೈಲು ಕೈಯಿಂದ ಕೈಗೆ ದಾಟಿ, ಎಲೆಗಳ ಮೇಲೆ ಹಾರಿ, ಅವರ ತೊಡೆಗೆ ಬಂತು. ಬಲಗೈ ಎಂಜಲು. ಎಡಗೈಯಲ್ಲಿ ಪೆನ್ನು ಹಿಡಿದು ಸಹಿ ಹಾಕಿದರು. ಅದು ಸತ್ತ ಜರಿಹುಳದ ಹಾಗೆ ಕಾಣುತ್ತಿತ್ತು. ಕರಿಯಪ್ಪ ಕತ್ತು ಉದ್ದ ಮಾಡಿ ನೋಡಿ, ಇದು ಸಾಹೇಬರ ಸಹಿಯೇ ಅಲ್ಲ, ನಾನು ಒಪ್ಪುವುದಿಲ್ಲ ಎಂದ. ಏಳಲು ನೆಲಕ್ಕೆ ಕೈ ಊರಿದ.

“ಹೆಬ್ಬೆಟ್ಟು ನಡೆಯುತ್ತೆ,” ಎಂದರು ಅಧ್ಯಕ್ಷ ದೊಡ್ಡಮುನಿಯಪ್ಪನವರು. ಎಲೆಯ ಮುಂದೆ ಕೂತ ಮೇಲೆ ಅವರು ಆಡಿದ್ದು ಅದೊಂದೇ ಮಾತು. “ಇಬ್ಬರು ಸಾಕ್ಷಿಯ ಎದುರಿಗೆ ಒತ್ತಿದರೆ ಹೆಬ್ಬೆಟ್ಟು ನಡೆಯುತ್ತೆ. ಒಂದು ಸಾಕ್ಷಿ ನಾನು.”

ಎರಡನೆಯ ಸಾಕ್ಷಿ ಭಾನುಪ್ರಿಯ. ಈ ಸಲ ಅವರು ಮುದ್ದೆ ನುಂಗಿದ್ದರು, ಬಾಯಿ ಸಲೀಸಾಗಿ ತೆರೆಯುತ್ತಿತ್ತು. ಚೈತನ್ಯ ಬಲಗೈಯ ಹೆಬ್ಬೆರಳನ್ನು ಎಲೆಯಲ್ಲಿ ಉಳಿದಿದ್ದ ಸಾರಿಗೆ ಅದ್ದಿ, ಅನುಮತಿ ಪತ್ರದ ಮೇಲೆ ಒತ್ತಿದರು. ಕೆಂಪಗೆ ಖಾರವಾಗಿ ಅಚ್ಚು ಬಿತ್ತು. ಸರ್ಕಾರದ ಕಾಗದಕ್ಕೆ ಅಷ್ಟು ಒಳ್ಳೆಯ ವಾಸನೆ ಅದಕ್ಕಿಂತ ಮೊದಲು ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಪರ್ಮಿಷನ್ ಆಯಿತು. ಸಾಕ್ಷಿಗೆ ಸಭೆಗೆ ಸಭೆಯೇ ಕೂತಿತ್ತು. ಮೈಕಿನಲ್ಲಿ ನಾನು ಸ್ವಾಗತ ಗೀತೆಯ ಎರಡು ಸಾಲು ಹಾಡಿಯೂ ಬಿಟ್ಟೆ, ಯಾವ ನ್ಯೂನತೆಯೂ ಉಳಿಯಬಾರದೆಂದು.

ಕರಿಯಪ್ಪ ನೆಲದಿಂದ ಕೈ ಎತ್ತಿದ. ಈಗ ಎದ್ದರೆ ಸೋತಂತೆ. ಅವನ ಎಲೆಯ ಮೇಲೆ ಮುಕ್ಕಾಲು ಮುದ್ದೆ ಇತ್ತು. ಮುರಿದ, ಹೊರಳಿಸಿದ, ಬಾಯಿಗಿಟ್ಟ. ಇಟ್ಟವನು ಹಾಗೇ ಕೂತ. ಗಂಟಲಿನ ಮಣಿ ಮೇಲೆ ಹೋಯಿತು, ಕೆಳಗೆ ಬರಲಿಲ್ಲ. ಪಂಕ್ತಿಯ ಕಣ್ಣೆಲ್ಲ ಆ ಮಣಿಯ ಮೇಲೆ.

ಆಗ ಅವನ ದವಡೆ ಆಡಿತು.

ಒಂದೇ ಸಲ, ಆಡಿಯೂ ಆಡದ ಹಾಗೆ. ಆದರೆ ನಾಲ್ಕು ತಾಲ್ಲೂಕಿನ ಜನ ಕಂಡರು.

“ಅಗ್ದ,” ಎಂದಳು ಅತ್ತೆ. ಗೆದ್ದ ದನಿಯಲ್ಲಿ ಅಲ್ಲ. ಮನೆಯ ಎತ್ತು ಕುಂಟಿದ್ದನ್ನು ಕಂಡು ಹೇಳುವಂತೆ.

ಕರಿಯಪ್ಪ ತಲೆ ಬಗ್ಗಿಸಿ ಎದ್ದ. ದೂರ ಹೋಗಿ ಬಾಯಿ ಮುಕ್ಕಳಿಸಿ, ಕೈ ತೊಳೆದು, ಟವೆಲಿಗೆ ಒರೆಸಿಕೊಂಡ. ಹಾಗೇ ಬಸ್ ಸ್ಟ್ಯಾಂಡಿನ ಕಡೆ ಹೋಗುತ್ತಾನೆಂದು ನಾನು ಅಂದುಕೊಂಡೆ. ಹೋಗಲಿಲ್ಲ. ನೆಟ್ಟಗೆ ನನ್ನ ಹತ್ತಿರ ಬಂದು, ಕೈಯಿಂದ ಬಕೀಟು ತೆಗೆದುಕೊಂಡು, ಅತ್ತೆಯ ಎಲೆಯ ಮುಂದೆ ನಿಂತ. ಎಂದೂ ಬಡಿಸಿದವನಲ್ಲ, ಸೌಟು ಹಿಡಿಯಲು ಬರುತ್ತಿರಲಿಲ್ಲ, ಸಾರು ಪಾದದ ಮೇಲೆಲ್ಲ ಚೆಲ್ಲುತ್ತಿತ್ತು.

ಚೈತನ್ಯರಿಗೆ ಹೋದ ಜೀವ ಬಂತು. ಸದಸ್ಯರೆಲ್ಲ ಒಬ್ಬರ ಹೆಗಲು ಒಬ್ಬರು ಹಿಡಿದು, ಮೊಣಕಾಲುಗಳನ್ನು ಹುಡುಕಿಕೊಂಡು, ಏಳಲು ಅಣಿಯಾದರು.

“ಯಕ್ಕ,” ಎಂದ ಕರಿಯಪ್ಪ ಮೆಲ್ಲಗೆ. ಅವ್ವ ಹೋಗಿ ಅಕ್ಕ ಬಂದಿತ್ತು. “ಸಾಕಾ? ಇನ್ನೊಂದ್ ಮಡಗ್ಲಾ?”

ಅತ್ತೆ ಕಾಲು ನೀಡಿ, ಬದಲಾಯಿಸಿ, ಸರಿಯಾಗಿ ಚಕ್ಕಳಮಕ್ಕಳ ಹಾಕಿ ಕೂತಳು. ಮೊದಲ ಪಂಕ್ತಿಯಲ್ಲಿ ಕೂತವರಿಗೆ ಊರು ಹೇಗೆ ಕಾಣುತ್ತದೆಂದು ಒಮ್ಮೆ ಸುತ್ತಲೂ ನೋಡಿದಳು.

“ಒಸಿ ಹಾಕು,” ಎಂದಳು.

ಅಧ್ಯಕ್ಷರು ಚೈತನ್ಯರ ಕಡೆ ನೋಡಿದರು. ಎತ್ತಿದ ಮೊಣಕಾಲುಗಳೆಲ್ಲ ಒಂದೊಂದಾಗಿ ಕೆಳಗಿಳಿದವು. ನಾನು ಗಳು ಕಿತ್ತು, ಶಾಮಿಯಾನವನ್ನು ಇನ್ನೊಂದಿಷ್ಟು ಪಡುವಣಕ್ಕೆ ಸರಿಸಿದೆ.